ಮಲೆನಾಡಿನ ಮಕ್ಕಳು ಮತ್ತು ಮೈಯ ಅಳತೆ: ಶಾಲಾ ದೈಹಿಕ ಕ್ಷಮತಾ ಪರೀಕ್ಷೆಯ ಚರಿತ್ರೆ

ಶಾಲೆಯ ಮಗುವಿನ ಬುದ್ಧಿಯನ್ನು ಅಳೆದ ಪರೀಕ್ಷೆಗಳ ಬಗ್ಗೆ ನಮ್ಮ ಶಿಕ್ಷಣ ಚರಿತ್ರೆಕಾರರು ಬರೆದಿದ್ದಾರೆ. ಅದೇ ಮಗುವಿನ ಮೈಯನ್ನು ಗಡಿಯಾರ, ಅಳತೆಪಟ್ಟಿ, ತಕ್ಕಡಿಗಳಿಂದ ಅಳೆದ ಚರಿತ್ರೆಗೆ ಅಷ್ಟು ಗಮನ ದೊರೆತಿಲ್ಲ. ಆಟೋಟವೆಂದರೆ ಪಾಠದ ನಡುವಿನ ಬಿಡುವು ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು. ಆದರೆ ಒಂದು ನಿಗದಿತ ದೂರವನ್ನು ಎಷ್ಟು ಸೆಕೆಂಡುಗಳಲ್ಲಿ ಓಡಿದರೆ ಮಗು 'ಸಮರ್ಥ'ವೆನಿಸುತ್ತದೆ ಎಂಬುದನ್ನು ಯಾರೋ ಎಲ್ಲಿಯೋ ನಿರ್ಧರಿಸಿರುತ್ತಾರೆ. ಆ ನಿರ್ಧಾರ ಯಾವ ನೆಲದ ಮೇಲೆ, ಯಾವ ಮಕ್ಕಳನ್ನು ಓಡಿಸಿ, ಯಾವ ಉದ್ದೇಶಕ್ಕಾಗಿ ರೂಪುಗೊಂಡಿತು ಎಂಬ ಪ್ರಶ್ನೆ ಶುದ್ಧ ಚಾರಿತ್ರಿಕ ಪ್ರಶ್ನೆ. ಕೊಪ್ಪ ತಾಲ್ಲೂಕಿನ ನಾರ್ವೆ ಮತ್ತು ಅದರಂಥ ಮಲೆನಾಡಿನ ಊರುಗಳನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಕೇಳುವುದಕ್ಕೆ ವಿಶೇಷ ಅರ್ಥವಿದೆ. ಸಮತಟ್ಟಾದ ನೆಲವನ್ನು ಎಲ್ಲ ಪರೀಕ್ಷೆಗಳೂ ಮೊದಲೇ ಊಹಿಸಿಕೊಂಡಿರುತ್ತವೆ. ಇಲ್ಲಿ ಅಪರೂಪವಾದದ್ದು ಅದೇ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಭೂರಚನೆ ಎಲ್ಲರಿಗೂ ತಿಳಿದದ್ದೇ. ಕಣಿವೆಯಲ್ಲಿ ಗದ್ದೆ, ಅದರ ಮಗ್ಗುಲಲ್ಲಿ ಅಡಿಕೆ ತೋಟ, ಮೇಲೆ ಕಾಫಿ ಮತ್ತು ಕಾಡು. ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರುಗಳು ಕಡಿಮೆ. ಒಂಟಿಮನೆಗಳು ಮತ್ತು ನಾಲ್ಕಾರು ಮನೆಗಳ ಗುಂಪುಗಳೇ ಹೆಚ್ಚು. ಹೀಗಾಗಿ ಶಾಲೆಗೆ ಹೋಗುವುದೆಂದರೆ ಗದ್ದೆಯ ಅಂಚು, ಕಾಲುಸಂಕ, ಏರು, ಇಳಿವುಗಳನ್ನು ದಾಟಿ ನಡೆಯುವುದು ಎಂದೇ ಬಹುಕಾಲ ಅರ್ಥವಾಗಿತ್ತು. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಳೆ. ಶಾಲೆಯ ಅಂಗಳವೆಂದರೆ ಹೆಚ್ಚಿನ ಕಡೆಗಳಲ್ಲಿ ದರೆ ಕಡಿದು ಸಮಮಾಡಿದ ಒಂದು ತುಂಡು ನೆಲ.

ಈ ಸೀಮೆಯ ಮಕ್ಕಳ ಮೈಯ ಮೇಲೆ ನಡೆದ ಮೊದಲ ಮಾನಕ ಪರೀಕ್ಷೆಗಳಿಗೂ ಓಟ, ನೆಗೆತಗಳಿಗೂ ಸಂಬಂಧವಿರಲಿಲ್ಲ. ಅವು ಹೊಟ್ಟೆಯನ್ನು ಒತ್ತಿ ನೋಡುವ ಪರೀಕ್ಷೆಗಳು. ಮಲೇರಿಯಾದಿಂದ ಗುಲ್ಮ ಊದಿಕೊಂಡ ಸ್ಥಿತಿಯನ್ನು ಮಲೆನಾಡಿಗರು 'ಜ್ವರಗಡ್ಡೆ' ಎಂದು ಕರೆಯುತ್ತಿದ್ದರು. ಒಂದು ಪ್ರದೇಶದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಬೆಳೆದಿದೆ ಎಂದು ಎಣಿಸಿ ಆ ಪ್ರದೇಶದ ಮಲೇರಿಯಾದ ತೀವ್ರತೆಯನ್ನು ನಿರ್ಣಯಿಸುವ ಕ್ರಮವನ್ನು ಟಿ.ಇ. ಡೆಂಪ್‌ಸ್ಟರ್ 1840ರ ದಶಕದಲ್ಲಿ ಯಮುನಾ ಕಾಲುವೆಗಳ ಪ್ರದೇಶದಲ್ಲಿ ಬಳಕೆಗೆ ತಂದಿದ್ದ. 'ಗುಲ್ಮ ಸೂಚ್ಯಂಕ'ವೆಂಬ ಈ ಅಳತೆ ಮುಂದೆ ಜಗತ್ತಿನಾದ್ಯಂತ ಹರಡಿತು. 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಒಂದು ಅಂದಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯ, ಮೂಡಿಗೆರೆಯಲ್ಲಿತ್ತು. ಈ ಅಳತೆಯ ಗುಣವನ್ನು ಗಮನಿಸಬೇಕು. ಇಲ್ಲಿ ಮಗು ಪರೀಕ್ಷೆಗೆ ಒಳಗಾಗುತ್ತಿತ್ತಾದರೂ ತೀರ್ಪು ಮಗುವಿನ ಬಗ್ಗೆ ಇರುತ್ತಿರಲಿಲ್ಲ. ಅದು ನೆಲ, ನೀರು, ಸೊಳ್ಳೆಗಳ ಬಗ್ಗೆ ಇರುತ್ತಿತ್ತು. ಮಗು ಅನುತ್ತೀರ್ಣವಾಗುವ ಪ್ರಸಂಗವೇ ಇರಲಿಲ್ಲ. ಮುಂದೆ ಬಂದ ಕ್ಷಮತಾ ಪರೀಕ್ಷೆಗಳು ಈ ದಿಕ್ಕನ್ನು ತಿರುವುಮುರುವು ಮಾಡಿದವು. ನೆಲ ಹೇಗಿದೆ ಎಂದು ಕೇಳುವುದನ್ನು ಬಿಟ್ಟು ಮಗು ಹೇಗಿದೆ ಎಂದು ಮಾತ್ರ ಕೇಳತೊಡಗಿದವು.

ಬಲವನ್ನು ಅಳೆಯುವ ದೇಶೀಯ ಕ್ರಮಗಳು ಕರ್ನಾಟಕದಲ್ಲಿ ಇರಲಿಲ್ಲವೆಂದಲ್ಲ. ಗರಡಿಮನೆಯಲ್ಲಿ ಎದುರಾಳಿಯೇ ಅಳತೆಗೋಲು. ಬಯಲುಸೀಮೆಯ ಹಳ್ಳಿಗಳಲ್ಲಿ ಊರ ಮುಂದೆ ಬಿದ್ದಿರುವ ಗುಂಡುಕಲ್ಲನ್ನು ಎತ್ತುವ ಪದ್ಧತಿಯಿತ್ತು. ಕಲ್ಲಿನ ತೂಕ ಬದಲಾಗದು, ಎತ್ತುವವರು ಬದಲಾಗುತ್ತಾರೆ. ಇದೂ ಒಂದು ಬಗೆಯ ಮಾನಕ ಪರೀಕ್ಷೆಯೇ. ಆದರೆ ಅದಕ್ಕೆ ವಯಸ್ಸಿನ ಶ್ರೇಣಿಯಾಗಲಿ, ಅಂಕಪಟ್ಟಿಯಾಗಲಿ ಇರಲಿಲ್ಲ. ಮುಖ್ಯವಾಗಿ, ಅದು ಎಲ್ಲರಿಗೂ ಕಡ್ಡಾಯವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಅವರು ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಮೂಲಕ ದೇಹದಾರ್ಢ್ಯವನ್ನು ಶಾಸ್ತ್ರೀಯ ಶಿಸ್ತಾಗಿ ಬೆಳೆಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಕನ್ನಡ ಓದುಗರಿಗೆ ಪರಿಚಿತರಾದ ಇವರೇ ಮೈಕಟ್ಟಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದವರು. ಆದರೆ ದೇಹದಾರ್ಢ್ಯದ ಅಳತೆ ಸ್ನಾಯುವಿನ ಸುತ್ತಳತೆ ಮತ್ತು ರೂಪಕ್ಕೆ ಸಂಬಂಧಿಸಿದ್ದು. ಶಾಲೆಯ ಪರೀಕ್ಷೆ ಕೇಳುವುದು ಮೈ ಹೇಗೆ ಕಾಣುತ್ತದೆ ಎಂದಲ್ಲ, ಏನು ಮಾಡಬಲ್ಲದು ಎಂದು.

ಈ ಎರಡನೆಯ ಪ್ರಶ್ನೆ ಕರ್ನಾಟಕಕ್ಕೆ ಬಂದ ದಾರಿಗಳು ಹಲವು. ಏಕೀಕರಣಕ್ಕೆ ಮುಂಚೆ ಕನ್ನಡನಾಡು ಹಂಚಿಹೋಗಿದ್ದಂತೆ ಅದರ ವ್ಯಾಯಾಮ ಶಿಕ್ಷಣವೂ ಹಂಚಿಹೋಗಿತ್ತು. ದಕ್ಷಿಣ ಕನ್ನಡ, ಬಳ್ಳಾರಿಗಳು ಸೇರಿದ್ದ ಮದರಾಸು ಪ್ರಾಂತದಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನನು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಶಾಲೆಯನ್ನು ಸ್ಥಾಪಿಸಿದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡದ ವ್ಯವಸ್ಥಾಪಕನಾಗಿ ಹೋದವನೂ ಇವನೇ. ಇವನು ಕಲಿತ ಸ್ಪ್ರಿಂಗ್‌ಫೀಲ್ಡ್ ಸಂಸ್ಥೆಯ ಹಳೆಯ ಅಧ್ಯಾಪಕ ಲೂಥರ್ ಗ್ಯುಲಿಕ್ ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳಲ್ಲಿ, ನಿಗದಿತ ಓಟ ಮತ್ತು ನೆಗೆತವನ್ನು ಮುಟ್ಟಿದ ಹುಡುಗನಿಗೆ ಬಿಲ್ಲೆ ಕೊಡುವ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ತಂದಿದ್ದ. ಉತ್ತರ ಕರ್ನಾಟಕದ ಜಿಲ್ಲೆಗಳಿದ್ದ ಮುಂಬಯಿ ಪ್ರಾಂತದಲ್ಲಿ ದಾರಿ ಬೇರೆ. ಅಲ್ಲಿ ಯೋಗವನ್ನು ಪ್ರಯೋಗಶಾಲೆಗೆ ಒಯ್ದ ಸ್ವಾಮಿ ಕುವಲಯಾನಂದರು ಸರ್ಕಾರದ ದೈಹಿಕ ಶಿಕ್ಷಣ ನೀತಿಯನ್ನು ರೂಪಿಸುವಲ್ಲಿ ಮುಂದಾಳಾಗಿದ್ದರು. 1938ರಲ್ಲಿ ಕಾಂದಿವಲಿಯಲ್ಲಿ ಸರ್ಕಾರಿ ತರಬೇತಿ ಸಂಸ್ಥೆ ಆರಂಭವಾಯಿತು. ಆದರೂ ಬಹುಪಾಲು ಶಾಲೆಗಳ ಮಟ್ಟಿಗೆ ವ್ಯಾಯಾಮವೆಂದರೆ ಡ್ರಿಲ್ಲು. ಸೈನ್ಯದಿಂದ ನಿವೃತ್ತರಾಗಿ ಬಂದ ಡ್ರಿಲ್ ಮಾಸ್ತರರು ಸಾಲು ನೇರವಿದೆಯೇ ಎಂದು ನೋಡುತ್ತಿದ್ದರೇ ಹೊರತು ಸಾಲಿನಲ್ಲಿ ನಿಂತ ಒಬ್ಬೊಬ್ಬ ಹುಡುಗನ ಉಸಿರನ್ನಲ್ಲ.

ಒಬ್ಬೊಬ್ಬ ಮಗುವಿನ ಲೆಕ್ಕ ರಾಜಕೀಯ ಮಹತ್ವ ಪಡೆದದ್ದು 1950ರ ದಶಕದಲ್ಲಿ. ಅಮೆರಿಕೆಯಲ್ಲಿ ಹ್ಯಾನ್ಸ್ ಕ್ರೌಸ್ ಮತ್ತು ರೂತ್ ಹಿರ್ಷ್‌ಲ್ಯಾಂಡ್ ಎಂಬುವರು ಆರು ಸರಳ ಚಲನೆಗಳ ಪರೀಕ್ಷೆಯನ್ನು ಅಮೆರಿಕೆಯ ಮತ್ತು ಯೂರೋಪಿನ ಮಕ್ಕಳಿಗೆ ಒಡ್ಡಿದರು. ಒಂದರಲ್ಲಾದರೂ ಸೋತ ಅಮೆರಿಕದ ಮಕ್ಕಳು ಶೇಕಡಾ 57.9, ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡಿನ ಮಕ್ಕಳು ಶೇಕಡಾ 8.7. ಶೀತಲ ಸಮರದ ಆ ಕಾಲದಲ್ಲಿ ಈ ಅಂಕಿಗಳು ರಾಷ್ಟ್ರೀಯ ಅಪಮಾನವಾಗಿ ಓದಲ್ಪಟ್ಟವು. ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಯುವ ಕ್ಷಮತೆಗಾಗಿ ಒಂದು ಮಂಡಳಿಯನ್ನೇ ನೇಮಿಸಿದರು. ಅದರ ಹಿಂದೆಯೇ ದೈಹಿಕ ಶಿಕ್ಷಣ ಅಧ್ಯಾಪಕರ ಅಮೆರಿಕನ್ ಸಂಘಟನೆಯು ಸುಮಾರು 8,500 ಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ತನ್ನ ಯುವ ಕ್ಷಮತಾ ಪರೀಕ್ಷೆಯನ್ನು ಪ್ರಕಟಿಸಿತು. 50 ಗಜಗಳ ಓಟ, 600 ಗಜಗಳ ಓಟ ಅಥವಾ ನಡಿಗೆ, ನಿಂತಲ್ಲಿಂದ ದೂರ ನೆಗೆತ, ಅತ್ತಿಂದಿತ್ತ ಓಡುವ ಶಟಲ್ ಓಟ ಮೊದಲಾದ ಏಳು ಅಂಶಗಳ ಈ ಗುಚ್ಛವು ಮುಂದಿನ ಎಲ್ಲ ಪರೀಕ್ಷೆಗಳ ಮೂಲಮಾತೃಕೆಯಾಯಿತು. ಕ್ರೌಸ್ ಕೇಳಿದ್ದು ಕನಿಷ್ಠ ಆರೋಗ್ಯದ ಪ್ರಶ್ನೆ. ಅದಕ್ಕೆ ಉತ್ತರವಾಗಿ ಬಂದ ಗುಚ್ಛ ಅಳೆದದ್ದು ಹೆಚ್ಚಾಗಿ ಕ್ರೀಡಾಪಟುತ್ವವನ್ನು. ಈ ಗೊಂದಲ ಅಲ್ಲಿಯೇ ಹುಟ್ಟಿ, ಅಂದಿನಿಂದ ಎಲ್ಲ ದೇಶಗಳಿಗೂ ಜೊತೆಯಲ್ಲೇ ಪ್ರಯಾಣ ಮಾಡಿದೆ.

ಭಾರತ ಸರ್ಕಾರವು 1959-60ರಲ್ಲಿ ಆರಂಭಿಸಿದ ರಾಷ್ಟ್ರೀಯ ದೈಹಿಕ ದಕ್ಷತಾ ಆಂದೋಲನವನ್ನು ಈ ಅಮೆರಿಕನ್ ಪರೀಕ್ಷೆಯ ನೇರ ಅನುಕರಣೆ ಎನ್ನುವುದು ಅವಸರದ ಮಾತಾದೀತು. ಶಾಲಾಮಕ್ಕಳಿಗಷ್ಟೇ ಸೀಮಿತವಾಗದೆ ಜನಸಾಮಾನ್ಯರನ್ನೂ ಕರೆದು, ನಿಗದಿತ ಮಟ್ಟ ಮುಟ್ಟಿದವರಿಗೆ ಒಂದು, ಎರಡು, ಮೂರು ನಕ್ಷತ್ರಗಳ ದರ್ಜೆ ನೀಡುವ ಅದರ ಸ್ವರೂಪ 1931ರಲ್ಲಿ ಸೋವಿಯತ್ ಒಕ್ಕೂಟ ಆರಂಭಿಸಿದ 'ದುಡಿಮೆಗೂ ರಕ್ಷಣೆಗೂ ಸಿದ್ಧ' ಎಂಬ ಬಿಲ್ಲೆಯ ಯೋಜನೆಗೆ ಹೆಚ್ಚು ಸಮೀಪವಾಗಿದೆ. 1956ರಲ್ಲಿ ರಾಷ್ಟ್ರೀಯ ದೈಹಿಕ ಶಿಕ್ಷಣ ಮತ್ತು ಮನರಂಜನಾ ಯೋಜನೆ, 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು, ಅದರ ಹಿಂದೆ ಈ ಆಂದೋಲನ: ಹೊಸ ಗಣರಾಜ್ಯವು ಪ್ರಜೆಯ ಮೈಯನ್ನೂ ಯೋಜನೆಯ ವಿಷಯವಾಗಿ ಕಂಡ ಕಾಲವದು. ಹೊಸದಾಗಿ ಒಂದುಗೂಡಿದ ಮೈಸೂರು ರಾಜ್ಯಕ್ಕೆ ಹೀಗೆ ಮೊದಲ ಬಾರಿಗೆ ದೇಶದ ಉಳಿದೆಡೆಗಳೊಡನೆ ಸಮಾನವಾದ ಒಂದು ಅಳತೆ ದೊರೆಯಿತು.

ಆದರೆ ಅಳತೆಯ ಉದ್ದೇಶ ಇನ್ನೂ ಸ್ಪಷ್ಟವಾಗಿರಲಿಲ್ಲ. ಶಾಲೆಗಳಲ್ಲಿ ಆಗ ದೈಹಿಕ ಶಿಕ್ಷಣದ ಜೊತೆಗೆ ಎನ್.ಸಿ.ಸಿ.ಯೂ, ಆಜಾದ್ ಹಿಂದ್ ಫೌಜಿನ ಜೆ.ಕೆ. ಭೋಂಸ್ಲೆ 1954ರಲ್ಲಿ ಆರಂಭಿಸಿದ ರಾಷ್ಟ್ರೀಯ ಶಿಸ್ತು ಯೋಜನೆಯೂ ಇದ್ದವು. ಈ ಕಲಸುಮೇಲೋಗರವನ್ನು ಸರಿಪಡಿಸಲು 1959ರಲ್ಲಿ ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಎನ್.ಸಿ.ಸಿ.ಯ ಸ್ಥಾಪನೆಗೆ ಕಾರಣವಾದ ಸಮಿತಿಯ ಅಧ್ಯಕ್ಷರೂ ಇವರೇ ಆಗಿದ್ದರೆಂಬುದು ಅರ್ಥಪೂರ್ಣ. 1963ರ ವರದಿ ಎಲ್ಲವನ್ನೂ ಒಂದೇ ಪಠ್ಯದೊಳಗೆ ತರಬೇಕೆಂದು ಹೇಳಿತು. 1965ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಮತಾ ದಳ ಅದರ ಫಲ. ನಡುವೆ 1962ರ ಯುದ್ಧ ನಡೆದಿತ್ತು. ಮಗುವಿನ ಓಟದಲ್ಲಿ ನಾಳಿನ ಸೈನಿಕನನ್ನು ಕಾಣುವ ದೃಷ್ಟಿ ಆ ದಿನಗಳಲ್ಲಿ ಸಹಜವಾಗಿಯೇ ಬಲವಾಯಿತು.

ಎರಡನೆಯ ತಿರುವು 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ನಂತರದ್ದು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ರಚನೆಯಾಯಿತು; 1985ರಲ್ಲಿ ರಾಷ್ಟ್ರೀಯ ಕ್ರೀಡಾ ಪ್ರತಿಭಾ ಶೋಧ ಬಂದಿತು. ಈಗ ಮಕ್ಕಳನ್ನು ಅಳೆಯುತ್ತಿದ್ದುದು ಎಲ್ಲರನ್ನೂ ಬಲಪಡಿಸಲಿಕ್ಕಲ್ಲ, ಕೆಲವರನ್ನು ಆರಿಸಲಿಕ್ಕೆ. ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ನೆಗೆತ, ಚೆಂಡೆಸೆತ, 800 ಮೀಟರ್ ಓಟ ಇವೇ ಜರಡಿಯ ಕಣ್ಣುಗಳು. ಜರಡಿಯ ಕೆಲಸ ಉಳಿದವರನ್ನು ಕೆಳಗೆ ಬಿಡುವುದು. ಅದನ್ನು ತಪ್ಪೆನ್ನಲಾಗದು. ಆದರೆ ಕೆಳಗೆ ಬಿದ್ದ ಮಗುವಿಗೆ ಶಾಲೆ ಏನು ಹೇಳಬೇಕು ಎಂಬುದಕ್ಕೆ ಈ ಯೋಜನೆಯಲ್ಲಿ ಉತ್ತರವಿರಲಿಲ್ಲ.

ಈ ಆಯ್ಕೆಯ ತರ್ಕ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲೇ, ಅದೂ ಪಶ್ಚಿಮಘಟ್ಟದ ಕಾಡಂಚಿನಲ್ಲೇ, ಒಂದು ನಿದರ್ಶನವಿದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡು ಮೊದಲಾದೆಡೆ ನೆಲೆಸಿರುವ ಸಿದ್ದಿ ಜನಾಂಗದ ಮಕ್ಕಳನ್ನು ಕ್ರೀಡಾ ಪ್ರಾಧಿಕಾರವು 'ವಿಶೇಷ ಪ್ರದೇಶ ಕ್ರೀಡೆ' ಎಂಬ ಯೋಜನೆಯಡಿ 1980ರ ದಶಕದ ಉತ್ತರಾರ್ಧದಲ್ಲಿ ಆರಿಸಿ ತರಬೇತಿಗೆ ಒಯ್ದಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ಸಚಿವರಾಗಿದ್ದವರು ಕರ್ನಾಟಕದವರೇ ಆದ ಮಾರ್ಗರೆಟ್ ಆಳ್ವ. ಆಫ್ರಿಕಾ ಮೂಲದವರಾದ್ದರಿಂದ ಇವರು ಓಟದಲ್ಲಿ ಮುಂದಾಗಬಲ್ಲರು ಎಂಬುದು ಯೋಜನೆಯ ತಳದಲ್ಲಿದ್ದ ಊಹೆ. ಅಂದರೆ ಗಡಿಯಾರ ಚಾಲೂ ಆಗುವ ಮೊದಲೇ ಪರೀಕ್ಷೆಯ ಅರ್ಧ ಫಲಿತಾಂಶ ಬರೆದಾಗಿತ್ತು. ಆರಿಸಿದ ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರ ಹೊತ್ತಿಗೆ ಯೋಜನೆ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದವರು ಊರಿಗೆ ಮರಳಿದರು. ಸಿದ್ದಿಯರು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಪಡೆದದ್ದು 2003ರಲ್ಲಿ. ರಾಷ್ಟ್ರಕ್ಕೆ ಅವರ ಕಾಲಿನ ವೇಗ ಅವರ ಬದುಕಿನ ಸ್ಥಿತಿಗಿಂತ ಮೊದಲೇ ಕಂಡಿತ್ತು.

ಮೂರನೆಯ ತಿರುವು ಆರೋಗ್ಯದ ಹೆಸರಿನಲ್ಲಿ ಬಂದದ್ದು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆರೋಗ್ಯ ಮತ್ತು ದೈಹಿಕ ಶಿಕ್ಷಣವನ್ನು ಹತ್ತನೆಯ ತರಗತಿಯವರೆಗೆ ಕಡ್ಡಾಯ ವಿಷಯವಾಗಿಸಬೇಕೆಂದಿತು. 2019ರ ಫೆಬ್ರವರಿಯಲ್ಲಿ 'ಖೇಲೋ ಇಂಡಿಯಾ' ಮೊಬೈಲ್ ಆ್ಯಪ್ ಬಿಡುಗಡೆಯಾಯಿತು. ಅದೇ ವರ್ಷ ಆಗಸ್ಟ್ 29ರಂದು 'ಫಿಟ್ ಇಂಡಿಯಾ' ಆಂದೋಲನ ಆರಂಭವಾಯಿತು. ಆ್ಯಪ್‌ನ ಮೂಲಕ 5ರಿಂದ 18 ವರ್ಷದ ಶಾಲಾಮಕ್ಕಳ ಕ್ಷಮತೆಯನ್ನು ದಾಖಲಿಸುವ ವ್ಯವಸ್ಥೆ ಬಂದಿತು. ಚಿಕ್ಕ ಮಕ್ಕಳಿಗೆ ಬಿಎಂಐ, ಒಂಟಿಕಾಲಿನಲ್ಲಿ ನಿಲ್ಲುವ 'ಫ್ಲೆಮಿಂಗೊ' ಸಮತೋಲನ ಮತ್ತು ತಟ್ಟೆ ತಟ್ಟುವ ಪರೀಕ್ಷೆ. 9 ವರ್ಷ ದಾಟಿದವರಿಗೆ ಬಿಎಂಐ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕುಳಿತು ಮುಂಬಾಗುವುದು, ಅರೆ ಮೇಲೇಳುವುದು, ಪುಷ್-ಅಪ್. ಈ ಪಟ್ಟಿಯನ್ನು ಚರಿತ್ರೆ ಬಲ್ಲವರು ಓದಿದರೆ ಅದರ ವಂಶಾವಳಿ ಕಾಣಿಸುತ್ತದೆ. ಫ್ಲೆಮಿಂಗೊ ಮತ್ತು ತಟ್ಟೆ ತಟ್ಟುವುದು 1980ರ ದಶಕದಲ್ಲಿ ಯೂರೋಪಿನ ಮಂಡಳಿ ರೂಪಿಸಿದ 'ಯೂರೋಫಿಟ್' ಗುಚ್ಛದವು. ಮುಂಬಾಗುವ ಪರೀಕ್ಷೆ 1952ರಲ್ಲಿ ವೆಲ್ಸ್ ಮತ್ತು ಡಿಲನ್ ಪ್ರಕಟಿಸಿದ್ದು. 50 ಮತ್ತು 600 ಮೀಟರುಗಳು 1958ರ ಅಮೆರಿಕನ್ ಗಜಗಳೇ, ಮೆಟ್ರಿಕ್ ವೇಷ ತೊಟ್ಟು ಬಂದಿರುವುವು. ಅತ್ತ ಅಮೆರಿಕ ತನ್ನ ಅಧ್ಯಕ್ಷೀಯ ಪರೀಕ್ಷೆಯನ್ನು 2012ರ ಹೊತ್ತಿಗೆ ಕೈಬಿಟ್ಟು, ಮಕ್ಕಳನ್ನು ಪರಸ್ಪರ ಹೋಲಿಸುವ ಬದಲು ಆರೋಗ್ಯಕ್ಕೆ ಬೇಕಾದ ಮಟ್ಟದೊಡನೆ ಹೋಲಿಸುವ ಕ್ರಮಕ್ಕೆ ಹೊರಳಿತು. 2025ರ ಜುಲೈನಲ್ಲಿ ಅಲ್ಲಿನ ಅಧ್ಯಕ್ಷರ ಆದೇಶದಿಂದ ಹಳೆಯ ಪರೀಕ್ಷೆ ಮತ್ತೆ ಜೀವ ಪಡೆದಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಂಶಾವಳಿಯ ಇನ್ನೊಂದು ಗುಣವೂ ಉಳಿದುಬಂದಿದೆ. 1958ರ ಗುಚ್ಛದಲ್ಲಿ ಹುಡುಗಿಯರಿಗೆ ತೋಳ್ಬಲದ ಪರೀಕ್ಷೆಯನ್ನು ಸಡಿಲಿಸಿ ಕೊಟ್ಟಿದ್ದರು. 2019ರ ಪಟ್ಟಿಯಲ್ಲೂ ಅವರಿಗೆ ಮಂಡಿಯೂರಿದ ಪುಷ್-ಅಪ್. ಕಾಡಿನಿಂದ ಸೊಪ್ಪಿನ ಹೊರೆಯನ್ನೂ ಸೌದೆಯನ್ನೂ ತಲೆಯ ಮೇಲೆ ಹೊತ್ತು ಏರಿನ ದಾರಿಯಲ್ಲಿ ಬರುವ ಹುಡುಗಿಯ ಕುತ್ತಿಗೆ, ಬೆನ್ನು, ತೊಡೆಗಳ ಬಲಕ್ಕೆ ಈ ಯಾವ ಪಟ್ಟಿಯಲ್ಲೂ ಕಲಮಿಲ್ಲ.

ಪಟ್ಟಿಯನ್ನು ನಾರ್ವೆಯಂಥ ಊರಿನ ಅಂಗಳಕ್ಕೆ ತಂದು ನೋಡೋಣ. ಶಾಲೆಯ ಮುಂದೆ 30 ಮೀಟರ್ ಉದ್ದ, 20 ಮೀಟರ್ ಅಗಲದ ಸಮನೆಲ ಇದೆಯೆಂದು ಇಟ್ಟುಕೊಂಡರೆ ಅದರ ಮೂಲೆಯಿಂದ ಮೂಲೆಗೆ ಸುಮಾರು 36 ಮೀಟರ್. 50 ಮೀಟರಿನ ನೇರ ಓಟ ಅಲ್ಲಿ ಹಿಡಿಯುವುದೇ ಇಲ್ಲ. ಸುತ್ತಳತೆ 100 ಮೀಟರ್. 600 ಮೀಟರ್ ಓಡಬೇಕಾದರೆ ಆರು ಸುತ್ತು, ಹೆಚ್ಚುಕಡಿಮೆ ಇಪ್ಪತ್ನಾಲ್ಕು ತಿರುವು. ಪ್ರತಿ ತಿರುವಿನಲ್ಲೂ ಮಗು ವೇಗ ಕಳೆದುಕೊಂಡು ಮತ್ತೆ ಗಳಿಸಬೇಕು. 400 ಮೀಟರಿನ ಟ್ರ್ಯಾಕಿನಲ್ಲಿ ಒಂದೂವರೆ ಸುತ್ತು ಓಡಿದ ನಗರದ ಮಗುವಿನ ಸಮಯದೊಡನೆ ಈ ಸಮಯವನ್ನು ಒಂದೇ ಕೋಷ್ಟಕದಲ್ಲಿ ಹಾಕಿದರೆ ಹೋಲಿಕೆಯಾಗುವುದು ಎರಡು ಮೈಗಳಲ್ಲ, ಎರಡು ಅಂಗಳಗಳು. ಮಳೆಗಾಲದಲ್ಲಿ ಅಂಗಳ ಹಾವಸೆ ಕಟ್ಟಿ ಜಾರುತ್ತದೆ. ಮಳೆ ಜೋರಾದಾಗ ಈ ತಾಲ್ಲೂಕುಗಳ ಶಾಲೆಗಳಿಗೆ ರಜೆಯನ್ನೇ ಸಾರುತ್ತಾರೆ. ವರ್ಷದಲ್ಲಿ ಎರಡು ಬಾರಿ ಪರೀಕ್ಷಿಸಿ ಪ್ರಗತಿಯನ್ನು ಹೋಲಿಸಬೇಕೆಂದರೆ ಮೊದಲನೆಯ ಪರೀಕ್ಷೆಗೆ ಒಣನೆಲ ಸಿಗುವಷ್ಟರಲ್ಲಿ ದಸರೆ ಬಂದಿರುತ್ತದೆ.

ಅಳೆಯುವವರು ಯಾರು ಎಂಬ ಪ್ರಶ್ನೆ ಇನ್ನೂ ಕಠಿಣ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ಪ್ರತಿ ಶಾಲೆಗೂ ಆಟದ ಮೈದಾನವನ್ನು ವಿಧಿಸಿತು. ಆದರೆ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಮಾತ್ರ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಒಬ್ಬ ಅರೆಕಾಲಿಕ ಬೋಧಕರನ್ನು ಅದು ಕೊಡುತ್ತದೆ. ಮನೆಗಳು ಚದುರಿದ, ಮಕ್ಕಳ ಸಂಖ್ಯೆ ಕುಗ್ಗುತ್ತಿರುವ ಮಲೆನಾಡಿನಲ್ಲಿ ಈ ನೂರು ಎಂಬುದು ಎಷ್ಟೋ ಶಾಲೆಗಳು ಮುಟ್ಟಲಾರದ ಸಂಖ್ಯೆ. ಇತ್ತ ನೇಮಕವಾಗಿರುವ ದೈಹಿಕ ಶಿಕ್ಷಣ ಶಿಕ್ಷಕರು ತಮ್ಮನ್ನು ಇತರ ವಿಷಯಗಳ ಶಿಕ್ಷಕರಿಗೆ ಸಮಾನವಾಗಿ ಪರಿಗಣಿಸಬೇಕೆಂದು, ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೊಳಿಸಬೇಕೆಂದು ರಾಜ್ಯದಲ್ಲಿ ಹಲವು ವರ್ಷ ಒತ್ತಾಯಿಸಿದ್ದಾರೆ. ತರಬೇತಿ ಪಡೆದವರಿಲ್ಲದ ಕಡೆ ಗಡಿಯಾರ ಹಿಡಿಯುವವರು ಕನ್ನಡವನ್ನೋ ಗಣಿತವನ್ನೋ ಕಲಿಸುವವರು. ಅವರ ಬೆರಳು ಒಂದು ಕ್ಷಣ ತಡವಾದರೂ 50 ಮೀಟರಿನ ಓಟದಲ್ಲಿ ಮಗುವಿನ ಮಟ್ಟ ಬದಲಾಗಿಬಿಡುತ್ತದೆ.

ಇಷ್ಟಾದರೂ ಪರೀಕ್ಷೆಯನ್ನೇ ತಳ್ಳಿಹಾಕುವುದು ವಿವೇಕವಲ್ಲ. ಹಿಂದೆ ಶಾಲೆಯ ದಾರಿಯೇ ಮಲೆನಾಡಿನ ಮಗುವಿನ ವ್ಯಾಯಾಮವಾಗಿತ್ತು. ಯಾರೂ ಅಳೆಯದಿದ್ದರೂ ನಷ್ಟವಿರಲಿಲ್ಲ. ರಸ್ತೆಗಳು ಬಂದು, ಶಾಲಾ ವಾಹನಗಳು ಮನೆಯ ಸಮೀಪಕ್ಕೇ ಬರತೊಡಗಿದ ಮೇಲೆ ಆ ನಡಿಗೆ ಕರಗುತ್ತಿದೆ. ಕರಗಿದ್ದು ಎಷ್ಟು ಎಂದು ತಿಳಿಯಬೇಕಾದರೆ ಅಳತೆ ಬೇಕೇ ಬೇಕು. ಬೇಕಾದದ್ದು ಈ ನೆಲದಲ್ಲಿ ನಡೆಸಬಲ್ಲ ಅಳತೆ, ಮತ್ತು ಫಲಿತಾಂಶ ಮೇಲಿನ ಕಚೇರಿಯ ಕೋಷ್ಟಕಕ್ಕೆ ಮಾತ್ರವಲ್ಲದೆ ಮಗುವಿನ ಮನೆಗೂ ತಲುಪುವ ಅಳತೆ.

ಅಂಥದೊಂದು ಇಲ್ಲದಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಲ್ಯೂಕ್ ಲೆಜೆ ಮತ್ತು ಲ್ಯಾಂಬರ್ಟ್ 1982ರಲ್ಲಿ ಪ್ರಕಟಿಸಿದ ತಾಳಿಕೆಯ ಪರೀಕ್ಷೆಗೆ ಬೇಕಾದದ್ದು 20 ಮೀಟರ್ ಅಂತರದ ಎರಡು ಗೆರೆಗಳು ಮತ್ತು ಕ್ರಮೇಣ ಚುರುಕಾಗುವ ಒಂದು ಧ್ವನಿಸಂಕೇತ. ಮಕ್ಕಳು ಸಂಕೇತಕ್ಕೆ ಸರಿಯಾಗಿ ಆಚೀಚೆ ಓಡುತ್ತಾರೆ. ಹೆಜ್ಜೆ ತಪ್ಪಿದವರು ನಿಲ್ಲುತ್ತಾರೆ. ತಿರುವುಗಳು ಎಲ್ಲ ಮಕ್ಕಳಿಗೂ, ಎಲ್ಲ ಊರುಗಳಲ್ಲೂ ಅಷ್ಟೇ. ಗಡಿಯಾರ ಒತ್ತುವ ಬೆರಳಿನ ಹಂಗೂ ಇಲ್ಲ. ಯೂರೋಫಿಟ್ ಇದನ್ನು ತನ್ನ ಗುಚ್ಛದಲ್ಲಿ ಸೇರಿಸಿಕೊಂಡಿತು. ಆ ಗುಚ್ಛದಿಂದ ಫ್ಲೆಮಿಂಗೊವನ್ನೂ ತಟ್ಟೆ ತಟ್ಟುವುದನ್ನೂ ಎತ್ತಿಕೊಂಡ 2019ರ ಪಟ್ಟಿಯು ದರೆ ಕಡಿದ ಅಂಗಳದಲ್ಲೂ ಹಿಡಿಯುವ ಈ ಒಂದನ್ನು ಅಲ್ಲಿಯೇ ಬಿಟ್ಟು, 600 ಮೀಟರನ್ನು ಉಳಿಸಿಕೊಂಡಿತು.